ನನ್ನ ಕಾಯಿ, ನನ್ನ ಕೋವಿ

ತೆಂಗಿನಕಾಯಿ ಕುಟ್ಟುವವನಿಗೂ ಮೊಬೈಲಿನಲ್ಲಿ ಗುಂಡು ಹಾರಿಸುವವನಿಗೂ ಹೊಡೆದಾಟಕ್ಕೆ ಹಿಡಿಯುವುದು ಕ್ಷಣ, ಆಯುಧ ಆರಿಸಲಿಕ್ಕೆ ಗಂಟೆ. ಈ ಹುಚ್ಚಿನ ರುಚಿ ಎಲ್ಲಿದೆ? ಕಾಪುವಿನಿಂದ ಕಾರ್ಕಳದವರೆಗೆ ಒಂದು ಸುತ್ತು.

ಅಷ್ಟಮಿ ಮುಗಿದ ವಾರ. ಕಾಪು ದೀಪಸ್ತಂಭದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಗೂಡಂಗಡಿ, ಅದರೆದುರು ಒಂದು ಬಲ್ಬು, ಬಲ್ಬಿನಡಿಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ. ಮಳೆ ಈಗಷ್ಟೇ ನಿಂತಿದೆ. ನೆಲದಲ್ಲಿ ಗೋಣಿ, ಗೋಣಿಯ ಮೇಲೆ ಸಿಪ್ಪೆ ಸುಲಿದ ತೆಂಗಿನಕಾಯಿಗಳ ರಾಶಿ.

ಅರುವತ್ತು ದಾಟಿದ ಒಬ್ಬರು ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಕಾಯಿ ಎತ್ತಿ ಕಿವಿಗೆ ಹಿಡಿಯುತ್ತಾರೆ. ಉಗುರಿನಿಂದ ಟಕ್ ಟಕ್. ಅಲ್ಲಾಡಿಸಿ ನೀರಿನ ಸದ್ದು ಕೇಳುತ್ತಾರೆ. ಹೆಬ್ಬೆರಳಿನಿಂದ ಮೂರೂ ಏಣು ಸವರುತ್ತಾರೆ. ಹನ್ನೊಂದನೆಯ ಕಾಯಿಯನ್ನೂ ಕೆಳಗಿಟ್ಟಾಗ ಹಿಂದಿನಿಂದ ಯಾರದೋ ದನಿ: "ಹೆಣ್ಣು ನೋಡ್ಲಿಕ್ಕೆ ಬಂದದ್ದಾ ಮಾರಾಯ್ರೆ, ಕಾಯಿ ಕುಟ್ಲಿಕ್ಕೆ ಬಂದದ್ದಾ?"

ಹನ್ನೆರಡನೆಯದು ಪಾಸಾಯಿತು. ಗಾತ್ರದಲ್ಲಿ ಸಣ್ಣದು, ಗೆರಟೆ ಕಪ್ಪು. ಎದುರಾಳಿ ತನ್ನ ಕಾಯಿಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಚಾಚಿದ. ಇವರು ಕೈಯೆತ್ತಿ ಒಂದೇ ಏಟು. ನೀರು ಚಿಮ್ಮಿತು. ಒಡೆದ ಕಾಯಿ ಇವರ ಚೀಲ ಸೇರಿತು.

ತುಳುವಿನಲ್ಲಿ ಇದಕ್ಕೆ 'ತಾರಾಯಿದ ಕಟ್ಟ' ಎನ್ನುತ್ತಾರೆ. ಕೋಳಿ ಅಂಕದ 'ಕಟ್ಟ'ವೇ ಇಲ್ಲಿಯೂ. ವ್ಯತ್ಯಾಸವೆಂದರೆ ಇಲ್ಲಿ ರಕ್ತದ ಬದಲು ಎಳೆನೀರಿಗಿಂತ ಸ್ವಲ್ಪ ಸಪ್ಪೆಯಾದ ನೀರು ಹರಿಯುತ್ತದೆ, ಮತ್ತು ಪೊಲೀಸರು ಬಂದರೆ ಯಾರೂ ಗದ್ದೆಗೆ ಹಾರಬೇಕಾಗಿಲ್ಲ.

ನನ್ನ ಪಕ್ಕದಲ್ಲಿ ಅಕ್ಕನ ಮಗ ನಿಂತಿದ್ದ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಕಾಯಿ ಒಡೆದದ್ದನ್ನು ಅವನು ನೋಡಲೇ ಇಲ್ಲ, ಕಣ್ಣು ಮೊಬೈಲಿನ ಗುಂಡಿನಾಟದಲ್ಲಿತ್ತು. ಬಿಜಿಎಂಐ. ಪರದೆಯಲ್ಲಿ ಯುದ್ಧವೇನೂ ಕಾಣಲಿಲ್ಲ. ಒಬ್ಬ ಸೈನಿಕ ಸುಮ್ಮನೆ ನಿಂತಿದ್ದಾನೆ, ಇವನು ಅವನ ಕೋವಿಗೆ ಬಣ್ಣ ಬದಲಿಸುತ್ತಿದ್ದಾನೆ.

"ಆಟ ಯಾವಾಗ ಶುರು?"

"ಇದೂ ಆಟವೇ ಮಾಮ."

ಅವನ ಉತ್ತರ ಉಡಾಫೆ ಅನ್ನಿಸಿತು. ಆಮೇಲೆ ಗೋಣಿಯ ಮುಂದೆ ಕೂತವರು ಹದಿಮೂರನೆಯ ಕಾಯಿ ಕಿವಿಗೆ ಹಿಡಿದದ್ದು ಕಂಡಿತು.

ಐದು ಖಾಲಿ ಜಾಗ

ಆಡದವರಿಗಾಗಿ ಎರಡು ಮಾತು. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಬರಿಗೈಯಲ್ಲಿ ಜಿಗಿಯುತ್ತಾರೆ. ಎರಾಂಗೆಲ್ ಎಂಬ ಹೆಸರಿನ ಆ ದ್ವೀಪ ಎಂಟು ಕಿಲೋಮೀಟರ್ ಉದ್ದ, ಎಂಟು ಅಗಲ. ಖಾಲಿ ಮನೆಗಳಿಗೆ ನುಗ್ಗಿ ಸಿಕ್ಕಿದ್ದನ್ನು ಬಾಚಿಕೊಳ್ಳಬೇಕು. ಕೊನೆಗೆ ಉಳಿದವನೇ ಗೆದ್ದವ.

ಹುಡುಗರಿಗೆ ಅಚ್ಚುಮೆಚ್ಚಿನ ಕೋವಿ ಎಂ416. ಅದರಲ್ಲಿ ಐದು ಖಾಲಿ ಜಾಗಗಳಿವೆ: ನಳಿಗೆಯ ತುದಿ, ಕೆಳಗಿನ ಹಿಡಿ, ಮ್ಯಾಗಜೀನು, ಸ್ಕೋಪು, ಭುಜಕ್ಕೊತ್ತುವ ಹಿಂಬದಿ. ಐದಕ್ಕೂ ಬಿಡಿಭಾಗ ಹುಡುಕಬೇಕು. ನಳಿಗೆಗೆ ಕಂಪೆನ್ಸೇಟರ್ ಹಾಕಿದರೆ ಹಾರಿಸುವಾಗ ಕೋವಿ ಮೇಲಕ್ಕೆ ಜಿಗಿಯುವುದು ತಗ್ಗುತ್ತದೆ. ಸೈಲೆನ್ಸರ್ ಹಾಕಿದರೆ ಸದ್ದು ತಗ್ಗುತ್ತದೆ, ಜಿಗಿತ ಹಾಗೆಯೇ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ.

ಈ ಆಟ ಕಟ್ಟಿದವರ ಜಾಣತನ ಇರುವುದು 'ಎರಡೂ ಆಗದು' ಎಂಬಲ್ಲೇ. ಎಲ್ಲ ಸಿಗುವುದಾದರೆ ಆರಿಸುವುದೇನು ಬಂತು? ಎಕೆಎಂ ಕೋವಿಗೆ ಏಟು ಜೋರು, ಕೆಳಗೆ ಹಿಡಿ ಹಾಕಲಿಕ್ಕೆ ಜಾಗವೇ ಇಲ್ಲ. ಅದನ್ನೇ ಹಿಡಿಯುತ್ತೇನೆ ಎನ್ನುವವ ತನ್ನ ಸ್ವಭಾವವನ್ನೂ ಹೇಳಿದ ಹಾಗಾಯಿತು. ಅಳಿಯನ ಗುಂಪಿನಲ್ಲಿ ನಾಲ್ವರಿದ್ದಾರೆ. ಕೋವಿ ನೋಡಿದರೆ ಸಾಕು, ಯಾರು ಮೊದಲು ನುಗ್ಗುತ್ತಾನೆ, ಯಾರು ಕಲ್ಲಿನ ಹಿಂದೆ ಕಾಯುತ್ತಾನೆ ಎಂದು ನಾನೂ ಹೇಳಬಲ್ಲೆ.

ಕೋವಿಗಿಂತ ಹೆಚ್ಚು ಸ್ವಂತದ್ದು ಇನ್ನೊಂದುಂಟು. ಪರದೆಯ ಮೇಲೆ ಗುಂಡು ಹಾರಿಸುವ ಗುಂಡಿ ಎಲ್ಲಿರಬೇಕು, ಕೂರುವ ಗುಂಡಿ ಎಲ್ಲಿ, ಎಷ್ಟು ದೊಡ್ಡದು, ಬೆರಳು ಎಷ್ಟು ಜಾರಿದರೆ ಗುರಿ ಎಷ್ಟು ತಿರುಗಬೇಕು ಎಂಬುದನ್ನೆಲ್ಲ ಆಡುವವನೇ ನಿಗದಿ ಮಾಡಿಕೊಳ್ಳುತ್ತಾನೆ. ಎರಡು ಹೆಬ್ಬೆರಳಲ್ಲಿ ಆಡುವವರು ಕೆಲವರು. ಏಡಿಯ ಕೊಂಡಿಯ ಹಾಗೆ ತೋರುಬೆರಳನ್ನೂ ಮೇಲಿಂದ ಬಾಗಿಸಿ ನಾಲ್ಕು ಬೆರಳಲ್ಲಿ ಆಡುವವರು ಇನ್ನು ಕೆಲವರು. ನಮ್ಮ ಕರಾವಳಿಯ ಸೆಕೆಗೆ ಬೆರಳು ಬೆವರುವುದರಿಂದ ಹೆಬ್ಬೆರಳಿಗೆ ತೆಳು ಬಟ್ಟೆಯ ಚೀಲ ಬೇರೆ. ಈ ಜೋಡಣೆ ಕೂಡಿಬರಲಿಕ್ಕೆ ತಿಂಗಳುಗಟ್ಟಲೆ ಬೇಕು. ಅಳಿಯನ ಮೊಬೈಲು ಇಸಕೊಂಡು ಅವನ ಗೆಳೆಯ ಆಡಿದರೆ ಬೇರೆಯವರ ಕತ್ತಿಯಲ್ಲಿ ಹುಲ್ಲು ಕೊಯ್ದ ಹಾಗೆ. ಕೈಗೆ ಹೊಂದುವುದೇ ಇಲ್ಲ.

ಮಣಿಪಾಲದ ಹಾಸ್ಟೆಲಿನ ಗೋಡೆಗಳು

ಇದು ಮೊಬೈಲು ತಂದ ಕಾಯಿಲೆ ಎಂದುಕೊಂಡವರಿಗೆ ನನ್ನ ಸ್ನೇಹಿತನೊಬ್ಬನ ಕತೆ ಹೇಳಬೇಕು. 2000ದ ದಶಕದ ಆರಂಭದಲ್ಲಿ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವ. ಜೂನ್ ತಿಂಗಳ ಮಳೆಗೆ ಟೈಗರ್ ಸರ್ಕಲ್‌ವರೆಗೂ ಹೋಗಲಿಕ್ಕಾಗದ ರಾತ್ರಿಗಳಲ್ಲಿ ಹಾಸ್ಟೆಲಿನ ಕೋಣೆಯಿಂದ ಕೋಣೆಗೆ ಕೇಬಲ್ ಎಳೆದು ಕೌಂಟರ್-ಸ್ಟ್ರೈಕ್ ಆಡುತ್ತಿದ್ದರಂತೆ. ಮಿನ್ ಲೇ, ಜೆಸ್ ಕ್ಲಿಫ್ ಎಂಬಿಬ್ಬರು 1999ರಲ್ಲಿ ಇನ್ನೊಂದು ಆಟದ ಮೇಲೆ ಕಟ್ಟಿದ ಆಟ ಅದು.

ಅದರಲ್ಲಿ ಕೋವಿಯನ್ನು ದುಡ್ಡು ಕೊಟ್ಟೇ ಕೊಳ್ಳಬೇಕು. ಪ್ರತಿ ಸುತ್ತಿಗೂ ಆಟದೊಳಗಿನ ಡಾಲರು ಸಿಗುತ್ತದೆ. ದೂರದಿಂದ ಒಂದೇ ಗುಂಡಿಗೆ ಉರುಳಿಸುವ ಎಡಬ್ಲ್ಯುಪಿ ಕೋವಿಗೆ 4750. ಸತ್ತರೆ ಕೋವಿ ಹೋಯಿತು, ಬದುಕಿದರೆ ಮುಂದಿನ ಸುತ್ತಿಗೂ ಅದು ನಿಮ್ಮದೇ. ಹಾಗಾಗಿ ಸೋಲು ಖಚಿತವಾದ ಸುತ್ತಿನಲ್ಲಿ ಕೋವಿ ಅಪ್ಪಿಕೊಂಡು ಮೂಲೆಯಲ್ಲಿ ಅಡಗಿ ಕೂರುವವರಿದ್ದರು. "ಗೆಲ್ಲುವುದು ಬಿಟ್ಟು ಕೋವಿ ಉಳಿಸ್ತಾನೆ, ಜುಗ್ಗ" ಎಂದು ಪಕ್ಕದ ಕೋಣೆಯಿಂದ ಬೈಗುಳ ಕೇಳುತ್ತಿತ್ತು.

ಅವನಿಗೆ ಇಂದಿಗೂ ನೆನಪಿರುವುದು ಕೋವಿಯಲ್ಲ, ಗೋಡೆ. ಆ ಆಟದಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಒಂದು ಚಿತ್ರವನ್ನು ಗೋಡೆಗೆ ಸಿಂಪಡಿಸುವ ಅವಕಾಶವಿತ್ತು. ಎದುರಾಳಿ ಬಿದ್ದ ಜಾಗದ ಗೋಡೆಗೆ ತನ್ನ ಮುದ್ರೆ ಒತ್ತಿ ಓಡುವುದು. ಇವನ ಮುದ್ರೆ ಯಕ್ಷಗಾನದ ಬಣ್ಣದ ವೇಷದ ಮುಖ, ಸ್ಕ್ಯಾನ್ ಮಾಡಿ ಕಪ್ಪು ಬಿಳುಪಿಗೆ ಇಳಿಸಿದ್ದು. "ಬಿಹಾರದ ಹುಡುಗ, ಡೆಲ್ಲಿಯ ಹುಡುಗ, ಎಲ್ಲರೂ ಆ ಮುಖ ನೋಡಿದ ಕೂಡಲೇ ನನ್ನ ಹೆಸರು ಹಿಡಿದು ಬೈತಿದ್ರು. ಪರೀಕ್ಷೆಯಲ್ಲಿ ರ‍್ಯಾಂಕ್ ಬಂದಿದ್ರೂ ಅಷ್ಟು ಖುಷಿಯಾಗ್ತಿರಲಿಲ್ಲ" ಎಂದ. ರ‍್ಯಾಂಕ್ ಬರುವ ಭಯ ಅವನಿಗೆ ಎಂದೂ ಇರಲಿಲ್ಲ ಎಂಬುದು ಬೇರೆ ಮಾತು.

ಆ ಮುದ್ರೆಯಿಂದ ಒಂದು ಗುಂಡೂ ಹೆಚ್ಚು ತಾಗಲಿಲ್ಲ. ತಾಗಿದ್ದು ಯಾರದ್ದೆಂದು ಎಲ್ಲರಿಗೂ ತಿಳಿಯುತ್ತಿತ್ತು.

▌ಪೆಟ್ಟಿಗೆ: ಕುದುರೆಯ ಕವಚದಿಂದ ಕಾಯ್ದೆಯವರೆಗೆ

• 2006: 'ಒಬ್ಲಿವಿಯನ್' ಎಂಬ ಆಟದಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದರು. ಜಗತ್ತಿನ ಆಟಗಾರರೆಲ್ಲ ಬಿದ್ದು ಬಿದ್ದು ನಕ್ಕರು. ನಕ್ಕವರಲ್ಲಿ ಹಲವರು ಇಂದು ಕೋವಿಯ ಬಣ್ಣಕ್ಕೆ ಅದರ ಹತ್ತು ಪಟ್ಟು ಕೊಡುತ್ತಾರೆ.

• 2013ರ ಆಗಸ್ಟ್: ಕೌಂಟರ್-ಸ್ಟ್ರೈಕ್‌ನಲ್ಲಿ ಕೋವಿಗಳಿಗೆ ಬಣ್ಣದ ಹೊದಿಕೆ, ಅಂದರೆ 'ಸ್ಕಿನ್' ಬಂತು. ಕೋವಿಗೆ ಹೆಸರಿಡಬಹುದು, ಕೊಳ್ಳಬಹುದು, ಮಾರಬಹುದು.

• 2018: ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳು ಜೂಜೇ ಎಂದು ಬೆಲ್ಜಿಯಂ ತೀರ್ಮಾನಿಸಿತು.

• 2025ರ ಆಗಸ್ಟ್: ಭಾರತದಲ್ಲಿ ಹೊಸ ಕಾಯ್ದೆ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳಿಗೆ ನಿಷೇಧ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ.

ಬುಗುರಿಯ ಗಾಯ, ಕೋವಿಯ ಗೀರು

ಕೈಗೆ ಬಂದದ್ದರ ಬೆಲೆ ಕೈಗೆ ಬಂದ ಕೂಡಲೇ ಏರುತ್ತದೆ. ಇದನ್ನು ತೋರಿಸಿಕೊಟ್ಟದ್ದು ಕಾಫಿ ಕಪ್ಪು. ಕಾಹ್ನೆಮನ್, ನೆಟ್ಶ್, ಥೇಲರ್ ಎಂಬ ಮೂವರು ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಕಪ್ಪು ಹಂಚಿದರು. ಕಪ್ಪು ಸಿಕ್ಕವರು ಮಾರಲಿಕ್ಕೆ ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಇಮ್ಮಡಿ. ನಾರ್ಟನ್, ಮೊಚೋನ್, ಅರಿಯೆಲಿ ಎಂಬ ಇನ್ನು ಮೂವರು 2012ರಲ್ಲಿ ಹೇಳಿದ್ದು ಇದರ ಮುಂದಿನ ಮಾತು: ತಾನೇ ಜೋಡಿಸಿದ್ದು ವಕ್ರವಾಗಿದ್ದರೂ ಮನುಷ್ಯನಿಗೆ ಅದೇ ಚೆಂದ.

ನಮಗೆ ಕಪ್ಪು ಬೇಕಾಗಿಲ್ಲ, ಬುಗುರಿ ಸಾಕು. ಅಂಗಡಿಯಿಂದ ತಂದ ಬುಗುರಿಯನ್ನು ಹಾಗೆಯೇ ಆಡಿದವನನ್ನು ನಾನು ಕಂಡಿಲ್ಲ. ಮೊಳೆ ಕಿತ್ತು ಬೇರೆ ಹೊಡೆಯಬೇಕು. ಅದನ್ನು ಕಲ್ಲಿಗೆ ತಿಕ್ಕಿ ಚೂಪು ಮಾಡಬೇಕು, ಅತಿ ಚೂಪಾದರೆ ತಿರುಗುವುದಿಲ್ಲ ಎಂದು ಮತ್ತೆ ಮೊಂಡು ಮಾಡಬೇಕು. ಸೋತವನ ಬುಗುರಿ ನೆಲದಲ್ಲಿ ಮಲಗುತ್ತದೆ, ಗೆದ್ದವರು ಅದಕ್ಕೆ ಗುನ್ನ ಹೊಡೆಯುತ್ತಾರೆ. ಸೀಳಿದರೆ ಕತೆ ಮುಗಿಯಿತು. ಸೀಳದೆ ಉಳಿದ ಬುಗುರಿಗೆ ಎಷ್ಟು ಗುನ್ನವೋ ಅಷ್ಟು ಮಾನ. ನನ್ನ ಬುಗುರಿಯಲ್ಲಿ ಏಳಿದ್ದವು. ಯಾವುದು ಯಾರು ಹೊಡೆದದ್ದೆಂದು ಈಗಲೂ ಹೇಳಬಲ್ಲೆ.

ಕೌಂಟರ್-ಸ್ಟ್ರೈಕ್‌ನ ಕೋವಿಗಳಲ್ಲೂ ಗೀರುಗಳಿವೆ. ಬಣ್ಣ ಎಷ್ಟು ಸವೆದಿದೆ ಎಂಬುದಕ್ಕೆ ಸೊನ್ನೆಯಿಂದ ಒಂದರವರೆಗೆ ಅಳತೆ, ಐದು ದರ್ಜೆ. ಕಡಿಮೆ ಸವೆದದ್ದಕ್ಕೆ ಸಾಮಾನ್ಯವಾಗಿ ಹೆಚ್ಚು ಬೆಲೆ. ಆದರೆ ಆ ಗೀರು ಆಡಿ ಬಿದ್ದದ್ದಲ್ಲ. ಪೆಟ್ಟಿಗೆಯಿಂದ ಹೊರಬರುವಾಗಲೇ ಹಣೆಬರಹದ ಹಾಗೆ ಬರೆದಾಗಿರುತ್ತದೆ. ಹತ್ತು ವರ್ಷ ಹಗಲೂ ರಾತ್ರಿ ಹಾರಿಸಿ, ಒಂದು ಗೆರೆ ಹೆಚ್ಚಾಗುವುದಿಲ್ಲ. ಗಾಯ ಉಂಟು, ಪೆಟ್ಟು ತಿಂದ ಕತೆ ಇಲ್ಲ. ಇದನ್ನು ಕೇಳಿದಾಗ ನನಗೆ ಏಕೋ ಪಿಚ್ಚೆನಿಸಿತು.

ಆ ಕೊರತೆ ಆಟ ಮಾಡಿದವರಿಗೂ ಗೊತ್ತಿದ್ದಿರಬೇಕು. ಕೆಲವು ಕೋವಿಗಳಿಗೆ ಸಣ್ಣ ಎಣಿಕೆ ಯಂತ್ರ ಅಂಟಿಸಿದರು. ಒಡೆಯ ಎಷ್ಟು ಜನರನ್ನು ಉರುಳಿಸಿದ ಎಂದು ಅದು ಲೆಕ್ಕ ಇಡುತ್ತದೆ. ನೀವು ಸತ್ತಾಗ ಎದುರಾಳಿ ನಿಮ್ಮ ಕೋವಿ ಎತ್ತಿಕೊಳ್ಳಬಹುದು. ಅದು ನಿಮ್ಮದೇ ಬಣ್ಣ, ನೀವಿಟ್ಟ ಹೆಸರಿನೊಂದಿಗೇ ಅವನ ಕೈ ಸೇರುತ್ತದೆ. ಅವನು ಎಷ್ಟೇ ಹಾರಿಸಲಿ, ಎಣಿಕೆ ಏರುವುದಿಲ್ಲ. ಕೋವಿಗೆ ಒಡೆಯ ಯಾರೆಂದು ಗೊತ್ತು. ಇಡೀ ಆಟದಲ್ಲಿ ನನಗೆ ಮೆಚ್ಚುಗೆಯಾದ ಕಲ್ಪನೆ ಇದೊಂದು.

ಹುಲಿಗೂ ಸ್ಕಿನ್ ಉಂಟು

ಸ್ಕಿನ್ನಿನಿಂದ ಗುಂಡಿನ ವೇಗ ಹೆಚ್ಚುವುದಿಲ್ಲ, ಏಟು ಬಲವಾಗುವುದಿಲ್ಲ. ಮತ್ತೆ ದುಡ್ಡು ಯಾಕೆ ಸುರಿಯುವುದು? ಅಕ್ಕ ಮಗನಿಗೆ ದಿನಾ ಕೇಳುವ ಪ್ರಶ್ನೆ.

ಉಡುಪಿಯ ಮನೆಯಲ್ಲಿ ಕೂತು ಕೇಳುವ ಪ್ರಶ್ನೆಯೇ ಇದು? ವಿಟ್ಲಪಿಂಡಿಯ ದಿನ ರಥಬೀದಿಗೆ ಹೋಗಿ ನೋಡಲಿ. ಹಿಂದಿನ ರಾತ್ರಿಯಿಂದ ಹುಲಿವೇಷದ ಹುಡುಗರು ಮೈ ಬೋಳಿಸಿಕೊಂಡು, ಅಡ್ಡ ಕಟ್ಟಿದ ಕೋಲಿಗೆ ಕೈ ಚಾಚಿ ಗಂಟೆಗಟ್ಟಲೆ ನಿಂತಿರುತ್ತಾರೆ. ಬಣ್ಣದ ಮೇಲೆ ಬಣ್ಣ, ಪಟ್ಟೆಯ ಮೇಲೆ ಪಟ್ಟೆ. ಒಣಗುವವರೆಗೆ ಕೂರುವ ಹಾಗಿಲ್ಲ, ಮಲಗುವ ಹಾಗಿಲ್ಲ. ಚರ್ಮ ಉರಿಯುತ್ತದೆ. ಕುಣಿತ ಮುಗಿದ ಮೇಲೆ ಅದೇ ಬಣ್ಣವನ್ನು ಸೀಮೆಎಣ್ಣೆ ಹಾಕಿ ತಿಕ್ಕಿ ತೆಗೆಯುವ ಉರಿ ಬೇರೆ.

ತಾಸೆಯ ಸದ್ದಿಗೆ ಕುಣಿಯಲಿಕ್ಕೆ ಪಟ್ಟೆ ಬೇಕೆಂದೇನೂ ಇಲ್ಲ. ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಲಿಕ್ಕೆ ಬೇಕಾದ್ದು ಕುತ್ತಿಗೆಯ ಬಲ. ಆದರೂ ಹೊಟ್ಟೆಯ ಮೇಲಿನ ಹುಲಿಮುಖ ಸ್ವಲ್ಪ ಓರೆಯಾದರೆ ಹುಡುಗ ಬಣ್ಣದವರ ಜೊತೆ ಜಗಳಕ್ಕೇ ನಿಲ್ಲುತ್ತಾನೆ. ಮುಂದಿನಿಂದ ಬರುವ ಇನ್ನೊಂದು ತಂಡ ಪಟ್ಟೆ ನೋಡಿಯೇ ಇವರು ಯಾವ ಕಡೆಯವರೆಂದು ಗುರುತಿಸಬೇಕು, ಒಳಗೊಳಗೇ ಹೊಟ್ಟೆ ಉರಿದುಕೊಳ್ಳಬೇಕು. ನೋಡುವ ಕಣ್ಣಿಲ್ಲದಿದ್ದರೆ ಸ್ಕಿನ್ ಇಲ್ಲ. ಒಬ್ಬನೇ ಆಡುವ ಆಟದಲ್ಲಿ ಕುದುರೆಗೆ ಕವಚ ಮಾರಿದಾಗ ಜನ ನಕ್ಕದ್ದು ಅದಕ್ಕೇ ಇರಬೇಕು. ಅಲ್ಲಿ ನೋಡಲಿಕ್ಕೆ ಕುದುರೆಯ ಹೊರತು ಯಾರಿದ್ದರು?

ಒಂದು ಮಾತನ್ನು ಮಾತ್ರ ಅಕ್ಕನ ಪರವಾಗಿ ಹೇಳುತ್ತೇನೆ. ಹುಲಿಯ ಹುಡುಗನಿಗೆ ತನ್ನ ಮೈಮೇಲೆ ಏನು ಬರುತ್ತದೆಂದು ಮೊದಲೇ ಗೊತ್ತು. ಮೊಬೈಲಿನಲ್ಲಿ ಹಾಗಲ್ಲ. ಬೇಕಾದ ಸ್ಕಿನ್ ಪೆಟ್ಟಿಗೆಯೊಳಗೆ ಇರಬಹುದು, ಇಲ್ಲದಿರಬಹುದು. ಯುಸಿ ಎಂಬ ನಾಣ್ಯ ಕೊಂಡು, ಪೆಟ್ಟಿಗೆ ತೆರೆದು, ಬಾರದಿದ್ದರೆ ಇನ್ನೊಂದು ತೆರೆಯಬೇಕು. ಬಿಜಿಎಂಐ ಹುಡುಗರು ಜಪಿಸುವ 'ಗ್ಲೇಸಿಯರ್' ಎಂ416 ಕೈಗೆ ಬರುವ ದಾರಿ ಇದೇ. ಆಯುಧ ಆರಿಸಿ ಜೋಡಿಸುವ ಸುಖಕ್ಕೂ ಇದಕ್ಕೂ ಸಂಬಂಧವಿಲ್ಲ. ಜಾತ್ರೆಯ ಮೂಲೆಯಲ್ಲಿ ಲಾಟೀನಿಟ್ಟು ಕೂರುವವನ ಅಂದರ್ ಬಾಹರ್ ಇದು, ಬಟ್ಟೆ ಮಾತ್ರ ಬೇರೆ.

ಕೋಣ ಯಾರದ್ದು?

ಕಾರ್ಕಳದ ಮಿಯಾರಿನ ಲವ-ಕುಶ ಜೋಡುಕರೆ ಕಂಬಳದಲ್ಲಿ ಒಂದು ರಾತ್ರಿ ಕಳೆದರೆ ಒಡೆತನದ ಇನ್ನೊಂದು ಮುಖ ಕಾಣುತ್ತದೆ. ಮೈಕಿನಲ್ಲಿ ಮೊದಲು ಕೂಗುವುದು ಕೋಣಗಳ ಯಜಮಾನರ ಮನೆಯ ಹೆಸರು. ಒಂದೇ ಮನೆಯ ಎರಡು ಜೋಡಿ ಇದ್ದರೆ 'ಎ', 'ಬಿ'. ಓಡಿಸುವವರ ಹೆಸರು ಆಮೇಲೆ.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಜಗತ್ತು ಅವರ ಕಾಲು ನೋಡಿತು, ಉಸೇನ್ ಬೋಲ್ಟ್ ಜೊತೆ ತೂಗಿತು. ಓಟದ ಕರೆಯ ಬದಿಯಲ್ಲಿ ನಿಂತ ಹಳಬರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಕೋಣ ಯಾರದ್ದು?

ಯಜಮಾನ ಕೆಸರಿಗೆ ಇಳಿಯುವುದಿಲ್ಲ. ಗೆದ್ದರೆ ಸಿಗುವ ಒಂದೆರಡು ಪವನು ಬಂಗಾರಕ್ಕೆ ಹೋಲಿಸಿದರೆ ವರ್ಷವಿಡೀ ಬೇಯಿಸಿ ಹಾಕಿದ ಹುರುಳಿ, ತಿಕ್ಕಿದ ಎಣ್ಣೆಯ ಲೆಕ್ಕ ಬರೆಯದಿರುವುದೇ ಮೇಲು. ಯಾವ ಕೋಣ ಎಡಕ್ಕೆ, ಯಾವುದು ಬಲಕ್ಕೆ, ಈ ಜೋಡಿ ಹಗ್ಗದ ವಿಭಾಗಕ್ಕೋ ನೇಗಿಲಿಗೋ ಅಡ್ಡಹಲಗೆಗೋ, ಇವಕ್ಕೆ ಹೊಂದುವ ಓಟಗಾರ ಯಾರು ಎಂಬ ಜೋಡಣೆಯೇ ಅವರ ಆಟ. ಅಳಿಯನಿಗೆ ಇದನ್ನು ವಿವರಿಸಿದೆ. ಅವನು ತಲೆಯಾಡಿಸಿ, "ಲೋಡ್‌ಔಟ್ ಮಾಮ" ಎಂದ. ಕೋವಿ, ಬಾಂಬು, ಕವಚಗಳ ಜೋಡಣೆಗೆ ಹುಡುಗರು ಹೇಳುವ ಮಾತು.

ಅಳಿಯನಿಗೂ ಇಲ್ಲ

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಬಿಜಿಎಂಐಯ ಹಿಂದಿನ ಅವತಾರವಾದ ಪಬ್‌ಜಿ ಮೊಬೈಲ್ ಅದರಲ್ಲೊಂದು. ಅಕ್ಟೋಬರ್ 30ಕ್ಕೆ ಸರ್ವರಿನ ಬಾಗಿಲೂ ಮುಚ್ಚಿತು. ಅಳಿಯ ಆಗ ಹೈಸ್ಕೂಲಿನಲ್ಲಿದ್ದ. ಎರಡು ವರ್ಷದ ಸೈನಿಕ, ಅವನ ಹೆಲ್ಮೆಟ್ಟು, ಅಜ್ಜಿ ಕೊಟ್ಟ ವಿಷು ಕಾಣಿಕೆಯಲ್ಲಿ ಕೊಂಡ ಜಾಕೆಟ್ಟು ಎಲ್ಲವೂ ಹೋದವು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಅಕ್ಕ ಈಗಲೂ ನಗುತ್ತಾಳೆ.

ಕ್ರಾಫ್ಟನ್ ಕಂಪನಿ 2021ರ ಜುಲೈ 2ರಂದು ಬಿಜಿಎಂಐ ಹೆಸರಿನಲ್ಲಿ ಆಟವನ್ನು ಮರಳಿ ತಂದಾಗ ಒಂದು ಮುಖ್ಯ ಆಮಿಷ ಹಳೆಯ ಸೊತ್ತು: ಹಿಂದಿನ ಖಾತೆಯಲ್ಲಿದ್ದುದನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಬಹುದಿತ್ತು. ಹೊಸ ಆಟಕ್ಕಿಂತ ಹಳೆಯ ಜಾಕೆಟ್ಟು ಸಿಕ್ಕಿದ್ದೇ ನನ್ನ ಅಳಿಯನಿಗೆ ಹಬ್ಬವಾಯಿತು. 2022ರ ಜುಲೈ 28ರಂದು ಆಟ ಮತ್ತೆ ಅಂಗಡಿಯಿಂದ ಮಾಯ, 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷ. ಜಾಕೆಟ್ಟಿನ ಒಡೆಯ ಯಾರೆಂಬುದು ಅಷ್ಟರಲ್ಲಿ ಅವನಿಗೂ ತಿಳಿದಿತ್ತು.

ಕೌಂಟರ್-ಸ್ಟ್ರೈಕ್ ಆಡುವ ದೊಡ್ಡವರಿಗೆ ತಿಳಿದದ್ದು 2025ರ ಅಕ್ಟೋಬರ್‌ನಲ್ಲಿ. ಅಪರೂಪದ ಕತ್ತಿಗಳನ್ನು ಪಡೆಯಲು ಆ ಆಟದ ಕಂಪನಿ ಇನ್ನೊಂದು ಸುಲಭದ ದಾರಿ ತೆರೆದದ್ದೇ ತಡ, ಲಕ್ಷಗಟ್ಟಲೆ ರೂಪಾಯಿಯ ಕತ್ತಿಗಳ ಬೆಲೆ ಒಂದೇ ರಾತ್ರಿಯಲ್ಲಿ ಕುಸಿಯಿತು.

ತುಳುನಾಡಿಗೆ ಅಳಿಯಕಟ್ಟು ಗೊತ್ತು, ಹಿಂದೆ ಮಾಮನ ಆಸ್ತಿ ಅಳಿಯನಿಗೆ ಹೋಗುತ್ತಿತ್ತು. ನನ್ನ ಬುಗುರಿ ಈಗಲೂ ಅಕ್ಕನ ಮನೆಯ ಅಟ್ಟದಲ್ಲಿದೆ, ಬೇಕಾದರೆ ಅಳಿಯ ತೆಗೆದುಕೊಳ್ಳಲಿ. ಆದರೆ ಕೌಂಟರ್-ಸ್ಟ್ರೈಕ್ ಇರುವ ಸ್ಟೀಮ್ ಅಂಗಡಿಯ ಖಾತೆಯನ್ನು ಉಯಿಲು ಬರೆದೂ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. 2024ರಲ್ಲಿ ಒಬ್ಬರು ಕೇಳಿದ್ದಕ್ಕೆ ಬಂದ ಉತ್ತರ ಅದು. ಕೋವಿಗೆ ಹೆಸರಿಡಬಹುದು, ವಾರಸುದಾರನ ಹೆಸರು ಬರೆಯಲಿಕ್ಕಾಗದು.

ಹದಿನಾಲ್ಕನೆಯ ಕಾಯಿ

ಕಾಪುವಿನ ಗೂಡಂಗಡಿಗೆ ಮರಳೋಣ. ರಾತ್ರಿ ಹನ್ನೊಂದರ ಹೊತ್ತಿಗೆ ಅಳಿಯನ ಮೊಬೈಲಿನ ಚಾರ್ಜು ಮುಗಿಯಿತು. ಬೇಸರಕ್ಕೆ ಗೋಣಿಯ ಮುಂದೆ ಕೂತ. ಒಂದು ಕಾಯಿ ಎತ್ತಿದ, ಇಟ್ಟ. ಇನ್ನೊಂದು ಎತ್ತಿದ.

"ಕಿವಿಗೆ ಹಿಡಿ ಮಗಾ" ಎಂದರು ಆ ಹಿರಿಯರು. "ಕಣ್ಣಿಗೆ ಕಾಣ್ಲಿಕ್ಕಿಲ್ಲ ಅದು."

ಅವನು ಹದಿಮೂರು ಕಾಯಿ ತಟ್ಟಿದ್ದನ್ನು ನಾನು ಎಣಿಸಿದೆ. ಹದಿನಾಲ್ಕನೆಯದಕ್ಕೆ ನಲವತ್ತು ರೂಪಾಯಿ ಕೊಟ್ಟ. ಮೊದಲ ಏಟಿಗೇ ಎದುರಿನದು ಒಡೆಯಿತು. ಎರಡನೆಯವನದೂ ಒಡೆಯಿತು. ಮೂರನೆಯವನು, "ಇದಕ್ಕೆ ಎಂತದೋ ಕುಡಿಸಿ ತಂದಿದ್ದಾನೆ" ಎಂದು ಕಾಯಿಯನ್ನು ಬಲ್ಬಿಗೆ ಹಿಡಿದು ತಿರುಗಿಸಿ ನೋಡಿ, ಆಮೇಲೆ ತನ್ನದನ್ನೂ ಒಡೆಸಿಕೊಂಡ. ಒಟ್ಟು ಐದು.

ಮರುದಿನ ಬೆಳಿಗ್ಗೆ ಅಕ್ಕನ ಮನೆಗೆ ಬಂಗುಡೆ ಬಂದಿತ್ತು. ಗೆದ್ದ ಐದು ಕಾಯಿಗಳ ಹೋಳು ಆಗಲೇ ನೆರೆಮನೆಗಳಿಗೆ ಹಂಚಿಯಾಗಿತ್ತು. ಮಸಾಲೆ ಕಡೆಯಲಿಕ್ಕೆ ಕಾಯಿ ಬೇಕೆಂದು ಅಕ್ಕ ಟಿವಿ ಪಕ್ಕದಲ್ಲಿದ್ದುದನ್ನು ಎತ್ತಿದಳು.

"ಅಮ್ಮ, ಅದು ಬೇಡ!" ಒಳಗಿನಿಂದ ಓಡಿ ಬಂದ.

"ಯಾಕೆ, ಹಾಳಾಗಿದಾ?"

ಅವನು ಕಾಯಿಯನ್ನು ಅವಳ ಕೈಯಿಂದ ತೆಗೆದುಕೊಂಡ. ಜುಟ್ಟಿನ ಬುಡದಲ್ಲಿ ಪೆನ್ನಿನಿಂದ ಐದು ಗೆರೆ ಎಳೆದಿತ್ತು. ಸ್ಕೂಟರಿನ ಕೀಲಿ ಹಿಡಿದು ಅಂಗಡಿಗೆ ಹೊರಟ, ಅಮ್ಮನಿಗೆ ಬೇರೆ ಕಾಯಿ ತರಲಿಕ್ಕೆ.